ತೆಗೆದುಹಾಕಿದ ಸಾಲು

ಶವಪೆಟ್ಟಿಗೆಗಳ ಉಗ್ರಾಣದಲ್ಲಿ
ಹೊಳೆಯುವ ಓಕ್ ಪೆಟ್ಟಿಗೆಗಳ ಹಿಂದೆ
ಪೈನ್ ಮರದ್ದೊಂದಿತ್ತು, ಮಾರಾಟಕ್ಕಲ್ಲ.
ಯಾರಾದರೂ ಬೆಲೆ ಕೇಳಿದರೆ
ನನ್ನಜ್ಜ ಆಂಬ್ರೋಸ್ ಟ್ವಿಟ್ಟಿ ಹೇಳುತ್ತಿದ್ದ:
'ಅದರ ಅಳತೆಯ ಹೆಣ ಇನ್ನೂ ಹುಟ್ಟಿಲ್ಲ.'

ಒಳಗೆ ಮಲಗಿದ್ದದ್ದು ವಕೀಲ ಲೆಮ್ಯುಯೆಲ್ ಗೇಥರ್ಸ್‌ನ
ಇಪ್ಪತ್ತೆರಡು ವರ್ಷದ ಕೋರ್ಟು:
ಅಫಿಡವಿಟ್ಟು, ಸಮನ್ಸು, ವಜಾ ಆದ ಅರ್ಜಿ,
ವಜಾ ಆದದ್ದರ ಮೇಲೆ ಮೇಲ್ಮನವಿ, ಅದೂ ವಜಾ.
ಎರಡು ಸಲ ಅವನ ಆಫೀಸು ಉರಿಯಿತು.
ಮೂರನೆಯ ಸಲ ಬಂದವರಿಗೆ ಸಿಕ್ಕಿದ್ದು
ಖಾಲಿ ಬೀರು, ಮೊಳೆಗೆ ತೂಗಿದ ಒಂದು ಟೋಪಿ.

ಶೆರೀಫ್ ನಮ್ಮಲ್ಲಿಗೂ ಬಂದಿದ್ದನಂತೆ.
ಫಾರ್ಮಲಿನ್ ಘಾಟಿಗೆ ಕರವಸ್ತ್ರ ಮೂಗಿಗೊತ್ತಿ
ಬಾಗಿಲಲ್ಲೇ ನಿಂತು, ತಿರುಗಿ ಹೋದನಂತೆ.
ಬದುಕಿದ್ದ ನಮ್ಮವರ ಕತ್ತು ಹಿಡಿದ ಕೈಗೆ
ಸತ್ತ ನಮ್ಮವರ ಮುಚ್ಚಳ ಎತ್ತುವ
ಧೈರ್ಯವಿರಲಿಲ್ಲ.

ಈಗ ಎಪ್ಪತ್ತರ ಹೊಸ್ತಿಲಲ್ಲಿ ನಾನು
ಹತ್ತಿಯ ಕೈಗವಸು ತೊಟ್ಟು
ಕಾಗದಕ್ಕೆ ಕಚ್ಚಿಕೊಂಡ ತುಕ್ಕುಪಿನ್ನು ಕೀಳುತ್ತೇನೆ,
ಮಗುವಿನ ಪಾದದಿಂದ ಮುಳ್ಳು ತೆಗೆದ ಹಾಗೆ.
ಉಸಿರು ಜೋರಾದರೆ ಅಂಚು ಪುಡಿಯಾಗುತ್ತದೆ.

ಪುಟ ಇನ್ನೂರ ಹದಿನಾಲ್ಕು.
ಓರಾ ಲೀ ಸ್ಪ್ರಾಗಿನ್ಸ್, ಇಸ್ತ್ರಿ ಕೆಲಸ,
ಮತದಾರರ ಪಟ್ಟಿಗೆ ಸೇರಲು ಒಂಬತ್ತು ಸಲ ಹೋದವಳು.
ಪ್ರಶ್ನೆ: ಒಬ್ಬಳೇ ಹೋಗಿದ್ದೆಯೇನು, ಓರಾ?
ಉತ್ತರ: ಇಲ್ಲ ಸರ್. ನನ್ನ ಜೊತೆ ಬಂದವರು
ನ್ಯಾಯಾಲಯ: ಅಪ್ರಸ್ತುತ. ಕಡತದಿಂದ ತೆಗೆದುಹಾಕಿ.
ಆಮೇಲೆ ಅಕ್ಷರವಿಲ್ಲ.
ಬರೀ ಚುಕ್ಕಿ. ಎಣಿಸಿದೆ. ಹದಿನಾಲ್ಕು.

ಹೋದ ಚಳಿಗಾಲ
ತಮ್ಮನ ಮಣ್ಣಿಗೆ ದಿನ ಗೊತ್ತುಮಾಡಲು ಬಂದ
ಥೆರಾನ್ ಬಿಗ್ಸ್ ಈ ಪುಟ ನೋಡಿ ಕನ್ನಡಕ ತೆಗೆದ.
ಆ ದಿನ ಅವನಿಗೆ ಹನ್ನೊಂದು ವರ್ಷ,
ಕೋರ್ಟಿನ ಮೇಲಟ್ಟದಲ್ಲಿ ಅಮ್ಮನ ತೊಡೆಗಂಟಿ ಕೂತಿದ್ದ.
'ಅವಳು ನಿಲ್ಲಿಸಲಿಲ್ಲಮ್ಮ,' ಎಂದ.
'ಜಡ್ಜು ಸುತ್ತಿಗೆ ಬಡಿಯುತ್ತಲೇ ಇದ್ದ,
ಏಟಿಗೂ ಏಟಿಗೂ ನಡುವೆ ಅವಳದೊಂದು ಹೆಸರು.'
ಒನಕೆ ಮೇಲೆದ್ದ ಸಂದಿನಲ್ಲಿ
ಕೈಹಾಕಿ ಕಾಳು ಮಗುಚುವ ಹಾಗೆ.

ಹಾಗಾದರೆ ಆ ಚುಕ್ಕಿಗಳು?
ಬೆರಳಚ್ಚಿನ ಹುಡುಗಿಯ ಕೈ ನಡುಗಿತೋ,
ಬೇಕೆಂದೇ ಒಂದೊಂದು ಹೆಸರಿಗೆ ಒಂದೊಂದು ಇಟ್ಟಳೋ,
ಅದು ನನಗೆ ಗೊತ್ತಿಲ್ಲ. ಗೊತ್ತೆಂದು ಬರೆಯಲಾರೆ.

ಥೆರಾನ್‌ಗೆ ನೆನಪಿದ್ದದ್ದು ಏಳು.
ಮೂರನೆಯದು ಅವನ ಅಮ್ಮ.

ಹಳೆಯ ಪುಟದ ಮೇಲೆ ನಾನು ಗೀರು ಎಳೆಯಲಿಲ್ಲ.
ಬೇರೆ ಹಾಳೆ, ಇಂದಿನ ತಾರೀಖು, ಪೆನ್ಸಿಲು,
ಹೇಳಿದವರ ಸಹಿ, ಒಂದರಿಂದ ಹದಿನಾಲ್ಕು.
ಅರ್ಧ ತುಂಬಿತ್ತು, ಅರ್ಧ ಬಾಯಿ ಬಿಟ್ಟಿತ್ತು.

ಮ್ಯೂಸಿಯಂನವರು ಗಾಜಿನೊಳಗಿಡುತ್ತೇವೆ ಅಂದರು. ಇಡಲಿ.
ನಮ್ಮ ಅಂಗಡಿಯದು ಬೇರೆ ದಾರಿ:
ಚರ್ಚಿಗೆ ಪ್ರತಿ ಬೇಸಿಗೆ ನಾವು ಪುಕ್ಕಟೆ ಹಂಚುವ
ರಟ್ಟಿನ ಬೀಸಣಿಗೆ ಇದೆಯಲ್ಲ,
ಒಂದು ಬದಿ ಟ್ವಿಟ್ಟಿ ಮತ್ತು ಮಕ್ಕಳು, ಫೋನ್ ನಂಬರು,
ಇನ್ನೊಂದು ಬದಿ ಯಾವಾಗಲೂ ಕುರಿಗಳ ಚಿತ್ರ.
ಈ ವರ್ಷ ಕುರಿಗಳ ಜಾಗಕ್ಕೆ ಆ ಪುಟ ಅಚ್ಚುಹಾಕಿಸಿದೆ,
ಕೆಳಗೆ ಏಳು ಖಾಲಿ ಗೆರೆ: ಗೊತ್ತಿದ್ದರೆ ಬರೆಯಿರಿ.

ಅಲಬಾಮಾದ ಜುಲೈ. ಮೂರು ಚರ್ಚು, ನಾನೂರು ಬೀಸಣಿಗೆ.
ಪಾದ್ರಿ ಮಾತಾಡುತ್ತಿದ್ದಷ್ಟು ಹೊತ್ತೂ
ಓರಾ ಲೀ ಜನರ ಮುಖಕ್ಕೆ ಗಾಳಿ ಹಾಕುತ್ತಿದ್ದಳು.

ಕೇಸು ಸೋತಿತು, ಹೇಳಲು ಮರೆತೆ.

ಒಂದೊಂದಾಗಿ ಮರಳಿ ಬರುತ್ತಿವೆ.
ಒಂದರ ಮೇಲೆ ಸಾರಿನ ಕಲೆ, ನಡುಗುವ ಅಕ್ಷರ, ಎಂಟನೆಯವನು.
ಒಂದರಲ್ಲಿ ಮಗು ಬರೆದ ಬೆಕ್ಕು.
ಹನ್ನೊಂದನೆಯ ಗೆರೆಗೆ ಎರಡು ಮನೆಯವರು
ಎರಡು ಬೇರೆ ಹೆಸರು ಕಳಿಸಿ
ಭಾನುವಾರ ನನ್ನೆದುರೇ ಜಗಳಕ್ಕೆ ನಿಂತರು.

ನಾನೇನು ಜಡ್ಜಲ್ಲ.
ಎರಡನ್ನೂ ಬರೆದುಕೊಂಡೆ.